ಒಂದೇ ತಂತಿಗೆ ಮೂವರು ಒಡೆಯರು

ಬ್ರೈಟ್‌ಹಾರ್ತ್ ವಿದ್ಯುತ್ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮುಖ್ಯಾಧಿಕಾರಿಗಳ ಸಮ್ಮುಖಕ್ಕೆ,
ಕೆಂಟನ್, ಲಂಡನ್; ಸ್ವಭಾನು ಸಂವತ್ಸರದ ಫಾಲ್ಗುಣ ಶುದ್ಧ ಪಂಚಮಿ, ಅಂದರೆ ತಮ್ಮ ಲೆಕ್ಕದಲ್ಲಿ ೨೦೦೪ರ ಫೆಬ್ರವರಿಯ ಕೊನೆಯ ವಾರ.

ಮಾನ್ಯರೇ,

ಉತ್ತರ ಸೀಮೆಯ ಕಲ್ಲಿದ್ದಲನ್ನು ಬೆಳಕಾಗಿಯೂ, ಬೆಳಕನ್ನು ಬಿಲ್ಲಾಗಿಯೂ, ಬಿಲ್ಲನ್ನು ಎರಡು ವಾರಗಳ ತರುವಾಯ ಕ್ಷಮಾಪಣೆಯ ಪತ್ರವಾಗಿಯೂ ರೂಪಾಂತರಗೊಳಿಸುವ ಅಪೂರ್ವ ವಿದ್ಯೆಯನ್ನು ಕರಗತ ಮಾಡಿಕೊಂಡಿರುವ ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ನಾನು ದೂರವಾಣಿಯಲ್ಲಿ ಕಾಯುವಾಗಲೆಲ್ಲ ನಲವತ್ತು ನಿಮಿಷ ಎಡೆಬಿಡದೆ ಪಿಟೀಲು ನುಡಿಸುವ ಆ ಅಜ್ಞಾತ ವಿದ್ವಾಂಸರಿಗೂ ಅನೇಕ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ. ತಮ್ಮ ಕಂಪನಿಯ ಕ್ಷೇಮವನ್ನು ಕುರಿತು ಕಳೆದ ನಾಲ್ಕು ತಿಂಗಳುಗಳಲ್ಲಿ ತಾವೇ ಹದಿಮೂರು ಪತ್ರಗಳನ್ನು ಬರೆದಿರುವುದರಿಂದ ಅದನ್ನು ಮತ್ತೆ ವಿಚಾರಿಸಿ ತಮಗೆ ಹದಿನಾಲ್ಕನೆಯದರ ಶ್ರಮ ಕೊಡಲಾರೆನು.

ಈ ಪತ್ರವನ್ನು ಕನ್ನಡದಲ್ಲಿ ಬರೆದು, ನಮ್ಮ ಲಂಡನ್ ಕನ್ನಡಿಗರ ಮಾಸಪತ್ರಿಕೆಯ ಮೂಲಕ ಬಹಿರಂಗವಾಗಿ ನಿವೇದಿಸಿಕೊಳ್ಳುವುದಕ್ಕೆ ಕಾರಣವುಂಟು. ಇಂಗ್ಲಿಷಿನಲ್ಲಿ ಬರೆದ ನನ್ನ ಮೂರು ಪತ್ರಗಳಿಗೆ ‘ತಾವು ದೂರವಾಣಿ ಕರೆ ಮಾಡಿದ್ದಕ್ಕೆ ಧನ್ಯವಾದಗಳು’ ಎಂಬ ಉತ್ತರ ಬಂದಿತು. ಮೇಲಾಗಿ, ತಮ್ಮ ಕಂಪನಿಯಲ್ಲಿ ಗ್ರಾಹಕನ ಅಳಲನ್ನು ನಿಜವಾಗಿ ಕೇಳಿಸಿಕೊಳ್ಳುವವರು ಕನ್ನಡವನ್ನು ಬಲ್ಲವರೆಂಬುದು ಈಚೆಗೆ ನನ್ನ ಅನುಭವಕ್ಕೆ ಬಂದಿದೆ. ಆ ವೃತ್ತಾಂತವನ್ನು ಅದರ ಸ್ಥಾನದಲ್ಲಿ ಹೇಳುವೆನು.

ನಾನು ಸತ್ಯನಾರಾಯಣಾಚಾರ್ಯ. ಈ ನಗರದ ಗ್ರಂಥಾಲಯವೊಂದರಲ್ಲಿ ತಾಳೆಗರಿಯ ಹಸ್ತಪ್ರತಿಗಳ ಪಟ್ಟಿ ಮಾಡಿ ನಿವೃತ್ತನಾಗಿ, ಈಗ ಲಂಡನ್ನಿನ ಸೂರ್ಯೋದಯಕ್ಕೆ ಹೊಂದುವಂತೆ ತಿಥಿಗಳನ್ನು ಗಣಿಸಿ, ಕೆಂಟನ್ನಿನಿಂದ ಟೂಟಿಂಗಿನವರೆಗೆ ಕೇಳಿದವರ ಮನೆಗಳಿಗೆ ಹಂಚುತ್ತಿರುವವನು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನೂ ನನ್ನ ಧರ್ಮಪತ್ನಿ ಮೈತ್ರೇಯಿಬಾಯಿಯೂ ವಾಸವಾಗಿದ್ದೇವೆ. ಏಕಾದಶಿಯಂದು ನಾವಿಬ್ಬರೂ ನಿರಾಹಾರ. ಮರುದಿನ ದ್ವಾದಶಿಯಂದು ಶಾಸ್ತ್ರವು ಗೊತ್ತುಪಡಿಸಿದ ವೇಳೆಯೊಳಗೆ ಉಂಡು ಉಪವಾಸವನ್ನು ಮುಗಿಸತಕ್ಕದ್ದು. ಅದಕ್ಕೆ ಪಾರಣೆಯೆಂದು ಹೆಸರು. ವೇಳೆ ಮೀರಿದರೆ ಏಕಾದಶಿಯ ಫಲವೆಲ್ಲ ನೀರುಪಾಲು. ಇಂತಿರಲು, ತಾವು ಪುಷ್ಯಮಾಸದಲ್ಲಿ ಕೆಂಪು ಮಸಿಯಲ್ಲಿ ಕಳುಹಿಸಿದ ಸೂಚನೆಯ ಪ್ರಕಾರ ಫೆಬ್ರವರಿ ಹದಿನೇಳರ ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ನಮ್ಮ ಮನೆಯ ವಿದ್ಯುತ್ತನ್ನು ಕಡಿಯತಕ್ಕದ್ದೆಂದು ನಿಶ್ಚಯವಾಯಿತು. ಅಂದು ಮಾಘ ಬಹುಳ ದ್ವಾದಶಿ. ಸೂರ್ಯೋದಯವಾದ ಮೇಲೆ ಪಾರಣೆಗೆ ಉಳಿಯುವ ಅವಕಾಶ ಇಪ್ಪತ್ತೆಂಟೇ ನಿಮಿಷ. ನಮ್ಮ ಒಲೆ ವಿದ್ಯುತ್ತಿನದು. ಹೊಟ್ಟೆಯಲ್ಲಿ ಇಟ್ಟಿಗೆಗಳನ್ನು ತುಂಬಿಕೊಂಡು, ಇರುಳಿನ ಅಗ್ಗದ ಕರೆಂಟಿನಲ್ಲಿ ಕಾದು, ಹಗಲೆಲ್ಲ ಶಾಖವನ್ನು ಬಿಡುತ್ತ ಮೈತ್ರೇಯಿಬಾಯಿಯ ಎರಡು ಮೊಣಕಾಲುಗಳನ್ನು ಚಳಿಗಾಲದುದ್ದಕ್ಕೂ ಮಡಿಚಲು ಬರುವಂತೆ ಇಡುವ ಹೀಟರೂ ವಿದ್ಯುತ್ತಿನದೇ. ಮುಂದಿನದನ್ನು ಓದುವಾಗ ಆ ಒಲೆಯನ್ನೂ ಆ ಮೊಣಕಾಲುಗಳನ್ನೂ ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ತಪ್ಪು ಮೊದಲು ನನ್ನದೆಂದು ಒಪ್ಪಿಕೊಳ್ಳುತ್ತೇನೆ. ದ್ವಾದಶಿಯಂದು ಪಾರಣೆಗೆ ಮುನ್ನ ಬಾಗಿಲಿಗೆ ಬಂದ ಅತಿಥಿಯು ಯಾರೇ ಆಗಿರಲಿ, ಅವನು ಬೇಡಿದ್ದನ್ನು ಕೊಡದೆ ಕಳುಹಿಸಕೂಡದೆಂಬುದು ನಮ್ಮ ಮನೆತನದ ನಡೆ. ಕೆಂಟನ್ನಿನಲ್ಲಿ ನೆಲೆಸಿದ ಇಪ್ಪತ್ತೆರಡು ವರ್ಷಗಳಲ್ಲಿ ಐನೂರಕ್ಕೂ ಮಿಕ್ಕ ದ್ವಾದಶಿಗಳು ಕಳೆದರೂ ನಮ್ಮ ಬಾಗಿಲಿಗೆ ಒಬ್ಬ ಅತಿಥಿಯೂ ಬಂದವನಲ್ಲ; ಅಂಚೆಯವನು ಕೂಡ ಬಾಗಿಲ ಸೀಳಿನಲ್ಲಿ ಕಾಗದ ತೂರಿಸಿ, ನಾನು ಎದ್ದು ಬರುವಷ್ಟರಲ್ಲಿ ಕೆಳಗಿನ ಮಹಡಿಯನ್ನು ಸೇರಿರುತ್ತಿದ್ದನು. ಕಳೆದ ಆಶ್ವಯುಜ ಬಹುಳ ದ್ವಾದಶಿಯಂದು, ಉಣ್ಣಬಾರದ ಹರಿವಾಸರದ ಹೊತ್ತು ಹತ್ತೂವರೆಗೆ ಕಳೆಯಲೆಂದು ಹಸಿದು ಕುಳಿತಿದ್ದಾಗ, ಬಾಗಿಲ ಗಂಟೆ ಮೊಳಗಿತು.

ಹಸಿರು ಜಾಕೆಟ್ ತೊಟ್ಟ, ಮಳೆಯಲ್ಲಿ ನೆನೆದ, ಸ್ಟೀವನ್ ಎಂಬ ತರುಣನು ನಿಂತಿದ್ದನು. ತನ್ನ ಕಂಪನಿಯ ಕರೆಂಟು ಕೇವಲ ಗಾಳಿಯಿಂದ ಹುಟ್ಟಿದ್ದೆಂದೂ, ಅದರಲ್ಲಿ ಕಲ್ಲಿದ್ದಲಿನ ಸೋಂಕೇ ಇಲ್ಲವೆಂದೂ ಹೇಳಿ, ತಾನು ಮೂರು ಮಹಡಿ ಹತ್ತಿ ಬಂದದ್ದನ್ನು ಮೇಲಿನವರು ನಂಬುವಂತೆ ಒಂದು ಸಹಿ ಹಾಕಿಕೊಟ್ಟರೆ ಸಾಕೆಂದನು. ನೆನೆದು ಬಂದ ಅತಿಥಿಯು ಅನ್ನವನ್ನು ಕೇಳದೆ ಬರಿಯ ಸಹಿಯನ್ನು ಕೇಳಿದನಲ್ಲಾ ಎಂದು ಮರುಗಿ, ಸಹಿಯೊಡನೆ ಒಂದು ಬಾಳೆಹಣ್ಣನ್ನೂ ಕೊಟ್ಟೆನು. ಕಾಲುಗಂಟೆಯಲ್ಲಿ ನೀಲಿ ಟೋಪಿಯ ಮತ್ತೊಬ್ಬನು ಬಂದು, ಭೂಮಂಡಲದಲ್ಲೇ ತನ್ನದಕ್ಕಿಂತ ಅಗ್ಗದ ಕರೆಂಟಿಲ್ಲವೆಂದು ಸಾರಿ, ಅವನೂ ಒಂದು ಸಹಿಯನ್ನೂ ಒಂದು ಹಣ್ಣನ್ನೂ ಪಡೆದನು. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೂರನೆಯವನು ಬಂದನು. ಅವನ ಎದೆಯ ಮೇಲೆ ತಮ್ಮ ಕಂಪನಿಯದೇ ಬಿಲ್ಲೆ. ಅಪ್ಪಾ, ನಾನು ಹನ್ನೊಂದು ವರ್ಷಗಳಿಂದ ನಿಮ್ಮವನೇ ಎಂದು ವಿನಯದಿಂದ ತಿಳಿಸಿದೆನು. ಆ ಮಹಾನುಭಾವನು ಕಿಂಚಿತ್ತೂ ವಿಚಲಿತನಾಗದೆ, ಹಾಗಾದರೆ ಒಪ್ಪಿಸುವ ಕೆಲಸ ಅರ್ಧ ಮುಗಿದಂತಾಯಿತೆಂದು ಹೇಳಿ, ನನ್ನನ್ನು ಹೊಸ ಗ್ರಾಹಕನೆಂದು ಬರೆದುಕೊಂಡನು.

ಒಂದೇ ಬೆಳಗ್ಗೆ ಮೂವರು ಅತಿಥಿಗಳು ತೃಪ್ತರಾಗಿ ಹೋದ ಧನ್ಯತೆಯಲ್ಲಿ ನಾನು ಅಡುಗೆಮನೆಯನ್ನು ಪ್ರವೇಶಿಸಿದೆನು. ಮೈತ್ರೇಯಿಬಾಯಿ ತೊವ್ವೆಗೆ ಒಗ್ಗರಣೆ ಹಾಕುತ್ತ, ತಿರುಗಿ ನೋಡದೆಯೇ ಹೇಳಿದಳು: “ಹಣ್ಣು ಕೊಟ್ಟಿದ್ದು ದಾನ. ಸಹಿ ಹಾಕಿ ಕೊಟ್ಟಿದ್ದು ದಾನ ಅಲ್ಲಾರೀ, ಕರಾರು.” ಧರ್ಮಸೂಕ್ಷ್ಮವು ಆಕೆಗೆ ತಿಳಿಯದೆಂದು ನಾನು ಭಾವಿಸಿದೆನು. ಈಗ ಹಾಗೆ ಭಾವಿಸುವುದಿಲ್ಲ.

ದೀಪಾವಳಿ ಕಳೆಯುತ್ತಲೇ ಕಾಗದಗಳು ಬರತೊಡಗಿದವು. ಗಾಳಿಯ ಕಂಪನಿಯೂ ಅಗ್ಗದ ಕಂಪನಿಯೂ ನನಗೆ ಸುಸ್ವಾಗತವನ್ನು ಬಯಸಿದವು. ತಾವಂತೂ ಒಂದೇ ದಿನ ಎರಡು ಪತ್ರಗಳನ್ನು ಕಳುಹಿಸಿ, ಒಂದರಲ್ಲಿ ನಾನು ತಮ್ಮನ್ನು ತೊರೆದುದಕ್ಕೆ ಶೋಕವನ್ನೂ, ಇನ್ನೊಂದರಲ್ಲಿ ನಾನು ತಮ್ಮನ್ನು ಸೇರಿದುದಕ್ಕೆ ಹರ್ಷವನ್ನೂ ಸಮಪ್ರಮಾಣದಲ್ಲಿ ವ್ಯಕ್ತಪಡಿಸಿದಿರಿ. ತರುವಾಯ ಮೂರೂ ಕಂಪನಿಗಳು, ಆಚಾರ್ಯನನ್ನು ಹಿಡಿದಿಟ್ಟುಕೊಂಡಿರುವವರು ಬೇರೆಯವರೆಂದು ಒಂದನ್ನೊಂದು ದೂರಿ, ನಾನು ಕಳುಹಿಸಿದ ಚೆಕ್ಕುಗಳನ್ನು ಹಿಂತಿರುಗಿಸಿದವು. ಕಡೆಗೆ ತಮ್ಮ ಕಚೇರಿಯಲ್ಲಿ ಹೀಗೊಂದು ನಿರ್ಣಯವಾಯಿತು: ಹಳೆಯ ಆಚಾರ್ಯನು ಫ್ಲ್ಯಾಟನ್ನು ಬಿಟ್ಟು ಹೋಗಿರುವನು, ಹೊಸ ಆಚಾರ್ಯನು ಇನ್ನೂ ಬಂದಿಲ್ಲ, ಆದರೂ ಒಳಗೆ ಯಾರೋ ಅನ್ನ ಬೇಯಿಸುತ್ತಿರುವರು. ಗುರುತಿಲ್ಲದ ಆ ಯಾರೋ ಒಬ್ಬರ ವಿದ್ಯುತ್ತನ್ನು ಕಡಿಯಬೇಕು.

ಈ ನಿರ್ಣಯದ ಪಾಂಡಿತ್ಯವನ್ನು ಅರಗಿಸಿಕೊಳ್ಳಲಾರದೆ ನಾನು ನಾಗಲಿಂಗಪ್ಪನವರ ಬಳಿಗೆ ಹೋದೆನು. ಅವರು ನಮ್ಮ ನಾಡಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದರಲ್ಲಿ ಇಂಜಿನಿಯರಾಗಿದ್ದು, ಈಗ ಟೂಟಿಂಗಿನಲ್ಲಿ ಮಗಳ ಮನೆಯಲ್ಲಿರುವ ಹಿರಿಯರು. ಅಲ್ಲಿನ ದೋಸೆ ಹೋಟೆಲಿನ ಮಹಡಿಯಲ್ಲಿ ಭಾನುವಾರ ಸೇರುವ ನಮ್ಮ ಸತ್ಸಂಗದಲ್ಲಿ, ಗಾಳಿಯ ಕರೆಂಟನ್ನೂ ಕಲ್ಲಿದ್ದಲಿನ ಕರೆಂಟನ್ನೂ ಗೋಡೆಯ ತೂತಿನಲ್ಲಿ ಬೇರ್ಪಡಿಸುವ ಬಗೆ ಯಾವುದೆಂದು ಅವರನ್ನು ಕೇಳಿದೆನು. ಅವರು ಬಹಳ ಹೊತ್ತು ನಕ್ಕರು.

“ಆಚಾರ್ರೇ, ತಂತಿಯೊಳಗ ಹೆಸರು ಬರ್ದ ಕರೆಂಟ್ ಇರೂದಿಲ್ರಿ. ಮೂವತ್ತು ವರ್ಷ ಬಾಯ್ಲರ್ ಮುಂದ ನಿಂತಾಂವ ನಾ. ಕಲ್ಲಿದ್ದಲೀದು, ಗ್ಯಾಸಿಂದು, ಗಾಳೀದು, ಎಲ್ಲಾ ಒಂದ ತೊಟ್ಟಿಗೆ ಸುರೀತಾರ. ನಿಮಗ ಅವರು ಮಾರೂದು ಕರೆಂಟ್ ಅಲ್ರಿ, ಲಕೋಟಿ.” ಶಿವಭಕ್ತರಾದ ಅವರು ನನ್ನನ್ನು ಕೆಣಕಲೆಂದೇ ಕೇಳಿದರು: “ಎಲ್ಲಾ ಬ್ಯಾರೆ ಬ್ಯಾರೆ ಅನ್ನೂ ಮಂದಿ ನೀವು. ಈಗೇನಂತೀರಿ?”

ಮಾನ್ಯರೇ, ನಾನು ಏನನ್ನಲಿ? ಒಂದು ಜಡವಸ್ತುವಿಗೂ ಇನ್ನೊಂದು ಜಡವಸ್ತುವಿಗೂ ಭೇದವುಂಟೆಂಬುದು ನಮ್ಮ ದ್ವೈತ ಸಿದ್ಧಾಂತದ ಪಂಚಭೇದಗಳಲ್ಲೊಂದು. ಅದನ್ನು ಎದುರಾಳಿಗಳ ಮುಂದೆ ಸ್ಥಾಪಿಸಲು ನಾನು ನಲವತ್ತು ವರ್ಷ ಗಡಿಗೆ, ಬಟ್ಟೆ, ಕಂಬ ಎಂದು ಹಳೆಯ ದೃಷ್ಟಾಂತಗಳನ್ನೇ ಹೇಳುತ್ತ ಬಂದೆನು. ತಾವಾದರೋ ಒಂದೇ ತಂತಿಯಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ಬಲ್ಬಿನೊಳಗೆ ಉರಿಯುವ ಕರೆಂಟಿನಲ್ಲಿ ಮೂರು ಭೇದಗಳನ್ನು ಕಂಡು, ಮೂರಕ್ಕೂ ಬೇರೆ ಬೇರೆ ಬೆಲೆಯನ್ನು ಕಟ್ಟಿ ತೋರಿಸಿದ್ದೀರಿ. ಇಂತಹ ದೃಢವಾದ ಭೇದನಿಷ್ಠೆಯನ್ನು ನಾನು ಮಠಗಳಲ್ಲಿಯೂ ಕಂಡಿಲ್ಲ. ತಮ್ಮ ಕಂಪನಿಯನ್ನು ಸ್ವಮತದವರೆಂದು ಆಲಿಂಗಿಸಿಕೊಳ್ಳುವ ಆತುರದಲ್ಲಿದ್ದೆನು. ಆದರೆ ತಾವು ಅಲ್ಲಿಗೆ ನಿಲ್ಲದೆ ನನಗೂ ನನಗೂ ನಡುವೆ ಒಂದು ಭೇದವನ್ನು ಶೋಧಿಸಿದಿರಿ. ಅದನ್ನು ಒಪ್ಪಲು ನಮ್ಮ ಗ್ರಂಥಗಳಲ್ಲಿ ಆಧಾರ ದೊರೆಯುತ್ತಿಲ್ಲ. ತಮ್ಮಲ್ಲಿ ಇದ್ದರೆ ಒಂದು ಪ್ರತಿಯನ್ನು ಕಳುಹಿಸಬೇಕು.

ಬೆಲೆಯ ವಿಷಯದಲ್ಲಿಯೂ ತಮ್ಮ ವರ್ಗದವರನ್ನು ಕೊಂಡಾಡದೆ ಇರಲಾರೆನು. ಹೊರದೇಶದಲ್ಲಿ ಕಲ್ಲಿದ್ದಲು ದುಬಾರಿಯಾಯಿತೆಂದು ತಾವು ದರವನ್ನು ಏರಿಸಿದಿರಿ, ನ್ಯಾಯ. ಅದೇ ವಾರ ಗಾಳಿಯ ಕಂಪನಿಯೂ, ಕಲ್ಲಿದ್ದಲು ದುಬಾರಿಯಾಯಿತೆಂಬ ಅದೇ ವಾಕ್ಯವನ್ನು ಹಸಿರು ಕಾಗದದಲ್ಲಿ ಅಚ್ಚು ಮಾಡಿಸಿ ತನ್ನ ದರವನ್ನೂ ಏರಿಸಿತು. ಪರರ ದುಃಖಕ್ಕೆ ಹೀಗೆ ಮರುಗುವ ಗಾಳಿಯು ಎಲ್ಲಿ ಬೀಸುವುದೆಂದು ತಿಳಿಸಿದರೆ ಒಮ್ಮೆ ಹೋಗಿ ನಮಸ್ಕರಿಸಿ ಬರುವೆನು. ಹಾಗೆಯೇ, ಮೂರರಲ್ಲೊಂದು ಪಾಲು ಬೆಳಕು ಈ ದೇಶದಲ್ಲಿ ಈಗಲೂ ಕಲ್ಲಿದ್ದಲಿನಿಂದಲೇ ಬರುವುದೆಂದು ನಾಗಲಿಂಗಪ್ಪನವರು ಹೇಳಿರುವುದರಿಂದ, ಆಶ್ವಯುಜದಿಂದ ಮಾಘದವರೆಗೆ ನನ್ನ ಪಾಲಿಗೆಂದು ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ಒಂದು ಚೀಲದಲ್ಲಿ ಕಟ್ಟಿ ಕಳುಹಿಸಿಕೊಟ್ಟರೆ, ಅದು ಹಳೆಯ ಆಚಾರ್ಯನದೋ ಹೊಸ ಆಚಾರ್ಯನದೋ ಎಂದು ಮುಟ್ಟಿ ನೋಡಿ ನಿರ್ಧರಿಸಲು ಪ್ರಯತ್ನಿಸುವೆನು. ಮುಂದೆ ಕರೆಂಟನ್ನು ಕಳುಹಿಸುವಾಗ ಗಾಳಿಯದಕ್ಕೆ ಹಸಿರು, ಅಗ್ಗದ್ದಕ್ಕೆ ನೀಲಿ, ತಮ್ಮದಕ್ಕೆ ತಮಗೆ ಒಪ್ಪುವ ಯಾವುದಾದರೊಂದು ಬಣ್ಣವನ್ನು ಹಚ್ಚಿಸುವ ಏರ್ಪಾಡಾದರೆ, ಯಾರ ಕರೆಂಟಿನಲ್ಲಿ ಅನ್ನ ಬೆಂದಿತೆಂದು ತಿಳಿದು ಉಣ್ಣಲು ಅನುಕೂಲ.

ತಮ್ಮ ಸಂಸ್ಥೆಯಲ್ಲಿ ಸತ್ಯವಂತರೇ ಇಲ್ಲವೆಂದು ನಾನು ಹೇಳಿದೆನೆಂಬ ಅಪವಾದ ಬಾರದಿರಲಿ. ನಮ್ಮ ಮೀಟರಿನ ಗಡಿಯಾರವಿದೆ. ಈ ದೇಶದ ಸಮಸ್ತ ಜನರೂ ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಸೂರ್ಯನಿಗೇ ಸುಳ್ಳು ಹೇಳುವಾಗ, ಆ ಗಡಿಯಾರವೊಂದೇ ಯಾರ ಮಾತಿಗೂ ಮಣಿಯದೆ, ವರ್ಷವಿಡೀ ಗ್ರೀನಿಚ್ಚಿನ ಕಾಲವನ್ನೇ ಹಿಡಿದು, ಇರುಳಿನ ಅಗ್ಗದ ಏಳು ಗಂಟೆಗಳನ್ನು ತನ್ನ ನಿಯಮದಂತೆಯೇ ಅಳೆದುಕೊಡುವುದು. ಪಂಚಾಂಗವನ್ನು ಬರೆಯುವಾಗ ನಾನೂ ಹಾಗೆಯೇ ಮಾಡುವೆನು. ಈ ನಗರದಲ್ಲಿ ಹೀಗೆ ನಡೆಯುವವರು ನಾವಿಬ್ಬರೇ ಎಂದು ಬಲ್ಲೆನು. ಅದನ್ನು ನಮ್ಮ ತಿಥಿನಿರ್ಣಯ ಸಭೆಯ ಗೌರವ ಸದಸ್ಯರನ್ನಾಗಿ ಆರಿಸಲು ತಮ್ಮ ಅನುಮತಿ ಬೇಕು.

ಇನ್ನು ಹೇಳುವೆನೆಂದಿದ್ದ ವೃತ್ತಾಂತ. ಗಡುವಿಗೆ ಎಂಟು ದಿನಗಳು ಉಳಿದಿರುವಾಗ ತಮ್ಮ ಸಹಾಯವಾಣಿಗೆ ಕರೆ ಮಾಡಿ, ಪಿಟೀಲನ್ನು ಪೂರ್ತಿಯಾಗಿ ಆಲಿಸಿದ ಮೇಲೆ, ಪೆಟ್ರೀಷಿಯಾ ಎಂದು ಹೇಳಿಕೊಂಡ ಒಂದು ಹೆಣ್ಣುಧ್ವನಿಯು ಶುದ್ಧವಾದ ಇಂಗ್ಲಿಷಿನಲ್ಲಿ ನನ್ನ ಅಳಲನ್ನು ಕೇಳುತ್ತಿತ್ತು. ನಾನು ಅತಿಥಿಧರ್ಮದ ಮೂರನೆಯ ಅಂಶಕ್ಕೆ ಬಂದಿದ್ದೆನು. ಒಮ್ಮೆಗೇ ಆ ಬದಿಯಲ್ಲಿ ಟಕ್ಕೆಂದು ಶಬ್ದವಾಗಿ ಎಲ್ಲವೂ ಸ್ತಬ್ಧವಾಯಿತು. ಹಿಂದೆ ಯಾರೋ, “ಹೋಯ್ತು ಕಣೇ ಕರೆಂಟು. ಜನರೇಟರ್‌ನವನು ಟೀ ಕುಡಿಯೋಕೆ ಹೋಗಿದಾನೆ” ಎಂದರು.

ನಾನು ಕನ್ನಡದಲ್ಲಿ, ತಾಯಿ, ಯಾವ ಊರು ಎಂದೆನು. ಆ ಧ್ವನಿಯು ಪಿಸುಗುಟ್ಟಿತು: “ಬೆಂಗಳೂರು, ತಾತ. ಕನ್ನಡ ಮಾತಾಡೋ ಹಾಗಿಲ್ಲ, ಎಲ್ಲಾ ರೆಕಾರ್ಡ್ ಆಗತ್ತೆ. ಈಗ ಪರವಾಗಿಲ್ಲ, ಆ ಮೆಷೀನೂ ಆಫ್ ಆಗಿದೆ. ಕಲ್ಲಿದ್ದಲು ಬಂದಿಲ್ವಂತೆ, ವಾರದಿಂದ ಹೀಗೇ ತೆಗೀತಿದಾರೆ.”

ಮಾನ್ಯರೇ, ಲಂಡನ್ನಿನ ಮನೆಯೊಂದರ ಬೆಳಕನ್ನು ಉಳಿಸುವ ಹೊಣೆಯನ್ನು ಐದು ಸಾವಿರ ಮೈಲಿ ಆಚೆ ಕತ್ತಲಲ್ಲಿ ಕುಳಿತವರಿಗೆ ವಹಿಸಿರುವ ತಮ್ಮ ದೂರದೃಷ್ಟಿಗೆ ಎಷ್ಟು ನಮಸ್ಕಾರಗಳನ್ನು ಮಾಡಿದರೂ ಸಾಲದು. ತಮ್ಮ ಕಂಪನಿಯವರಿಂದ ನಾನು ಕೇಳಿದ ಮೊತ್ತಮೊದಲ ನಿಜವಾದ ಮಾತು ಆ ಕತ್ತಲೆಯಲ್ಲೇ ಹೊರಟಿತು. “ನಿಮ್ಮ ಹೆಸರು ಮೂರು ಕಂಪನೀಲೂ ಸಿಕ್ಕಿಹಾಕ್ಕೊಂಡಿದೆ ತಾತ. ಬಿಡಿಸೋಕೆ ಆರು ತಿಂಗಳು ಬೇಕು, ಅಷ್ಟರಲ್ಲಿ ಕಟ್ ಮಾಡ್ತಾರೆ. ಮನೇಲಿ ಅಜ್ಜಿ ಇದಾರಾ? ಹಾಗಾದ್ರೆ ನೀವು ಮನೆ ಬಿಟ್ಟು ಹೋಗ್ಬಿಡಿ. ಅಜ್ಜಿ ಹೊಸದಾಗಿ ಬರ್ಲಿ.”

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಏಕಾದಶಿಯು ಸಮೀಪಿಸುತ್ತಿರುವಾಗ, ಇಲ್ಲದ್ದನ್ನು ಹೇಳಲಾರೆನೆಂದು ನಾನು ನಿರಾಕರಿಸಿದೆನು. ನಾನು ಹೋಗಿರುವೆನೆಂದು ಬರೆದವರು ಕಂಪನಿಯವರೇ, ಆ ಸುಳ್ಳಿನಲ್ಲಿ ನನ್ನ ಪಾಲಿಲ್ಲವೆಂದು ಆ ಹುಡುಗಿ ವಾದಿಸಿದಳು. ವಾದವು ಸಶಾಸ್ತ್ರವಾಗಿಯೇ ಇತ್ತು. ಆದರೂ ನಾನು ಖಂಡನೆಗೆ ಸಿದ್ಧನಾಗುತ್ತಿದ್ದೆನು. ಅಷ್ಟರಲ್ಲಿ ಮೈತ್ರೇಯಿಬಾಯಿ ಗೋಡೆಯನ್ನು ಹಿಡಿದು ಎದ್ದು ಬಂದು, ದೂರವಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಅವರು ಎಲ್ಲಾದರೂ ಹೋಗಲಿ, ಬಿಡಲಿ. ನಾನಂತೂ ಇಲ್ಲೇ ಇದ್ದೀನಮ್ಮ. ಬರಕೋ ನನ್ನ ಹೆಸರು.”

ಕಂಪ್ಯೂಟರ್ ಮಲಗಿದ್ದುದರಿಂದ ಆ ಹುಡುಗಿ ಹೆಸರನ್ನು ಅಂಗೈಯ ಮೇಲೆ ಬರೆದುಕೊಂಡಳಂತೆ. ಮೂರು ಕಂಪನಿಗಳಲ್ಲಿ ಯಾವುದು ಬೇಕೆಂದು ಕೇಳಿದ್ದಕ್ಕೆ ಮೈತ್ರೇಯಿಬಾಯಿ ತಮ್ಮನ್ನೇ ಆರಿಸಿದಳು. ತಮ್ಮ ಬಿಲ್ಲಿನಲ್ಲಿ ಅಕ್ಷರಗಳು ದೊಡ್ಡವಂತೆ, ಕನ್ನಡಕವಿಲ್ಲದೆ ಓದಬಹುದಂತೆ. ಅನಂತರ ಜನರೇಟರಿನ ಗರ್ಜನೆ ಕೇಳಿಸಿತು, ಪೆಟ್ರೀಷಿಯಾ ಇಂಗ್ಲಿಷಿಗೆ ಮರಳಿ, ಇನ್ನೇನಾದರೂ ನೆರವು ಬೇಕೇ ಮೇಡಂ ಎಂದು ವಿಚಾರಿಸಿದಳು. ಆಕೆಯ ನಿಜನಾಮವನ್ನು ನಾನು ಕೇಳಲಿಲ್ಲ. ತಾವೂ ಹುಡುಕಬಾರದು. ತಮ್ಮಲ್ಲಿ ಪೆಟ್ರೀಷಿಯಾಗಳು ಹನ್ನೊಂದು ಮಂದಿ ಇರುವರೆಂದು ನಾನು ಮತ್ತೆ ಮತ್ತೆ ಕರೆ ಮಾಡಿ ಖಚಿತಪಡಿಸಿಕೊಂಡಿದ್ದೇನೆ.

ಹೊಸ ಗ್ರಾಹಕಳೆಂದು ದೃಢೀಕರಿಸುವ ಕಾಗದವು ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ನಾನು ಒಲೆಯಿಲ್ಲದೆ ಮಾಡಬಹುದಾದ ಪಾರಣೆಯ ವಿಧಿಯನ್ನು ಹುಡುಕಿ, ಎರಡು ತುಳಸಿದಳ, ಒಂದು ಗುಟುಕು ನೀರು ಎಂಬಲ್ಲಿಗೆ ಬಂದಿದ್ದೆನು. ಮೊಣಕಾಲುಗಳಿಗೆ ಮಾತ್ರ ಯಾವ ವಿಧಿಯೂ ದೊರೆತಿರಲಿಲ್ಲ. ಸೋಮವಾರ, ಏಕಾದಶಿಯ ಮಧ್ಯಾಹ್ನ, ಬಾಗಿಲ ಸೀಳಿನಿಂದ ಲಕೋಟೆ ಬಿದ್ದಿತು. ಪ್ರಿಯ ಶ್ರೀಮತಿ ಮೈತ್ರೇಯಿಬಾಯಿ, ಎಂದು ಆರಂಭ. ಈ ದೇಶದ ಯಾವ ಕಚೇರಿಯಿಂದಲೂ ಆಕೆಯ ಹೆಸರಿಗೇ ಬಂದ ಮೊದಲ ಕಾಗದ ಅದು. ನಿಂತೇ ಒಮ್ಮೆ ಓದಿದಳು. ಹೀಟರಿನ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಓದಿದಳು. ನನಗೆ ಕೊಡಲಿಲ್ಲ.

ಮಂಗಳವಾರ ಏಳಕ್ಕೆ ಸರಿಯಾಗಿ ತಮ್ಮ ರಾಬರ್ಟ್ ಎಂಬವರು ಉಪಕರಣಗಳ ಚೀಲದೊಡನೆ ಬಂದರು. ನಾನು ಒದ್ದೆಯ ಪಂಚೆಯುಟ್ಟು ಮಡಿಯಲ್ಲಿದ್ದು, ಜಪದ ನಡುವೆ ಇದ್ದುದರಿಂದ ಕಾಗದವನ್ನು ಮುಟ್ಟುವಂತಿರಲಿಲ್ಲ, ಮಾತನಾಡುವಂತಿರಲಿಲ್ಲ. ಒಲೆಯ ಮೇಲೆ ಸೌತ್‌ಹಾಲಿನಿಂದ ತಂದ ಅಗಸೆಸೊಪ್ಪು ಬೇಯುತ್ತಿತ್ತು. ಮೈತ್ರೇಯಿಬಾಯಿ ಸೌಟನ್ನು ಕೆಳಗಿಡದೆಯೇ ಬಾಗಿಲಿಗೆ ಹೋಗಿ ಕಾಗದವನ್ನು ಹಿಡಿದು ತೋರಿಸಿದಳು. ರಾಬರ್ಟರು ಅದನ್ನು ಓದಿ, ತಮ್ಮ ಕಾಗದವನ್ನೂ ಓದಿ, ಆಮೇಲೆ ಆಕೆಯ ಹೆಗಲ ಮೇಲಿಂದ ನನ್ನನ್ನು ದೀರ್ಘವಾಗಿ ನೋಡಿ, ಈ ಮಹನೀಯರು ಯಾರೆಂದು ಕೇಳಿದರು. ಆಕೆ ತನ್ನ ಇಂಗ್ಲಿಷಿನಲ್ಲಿ, ತಡವರಿಸದೆ ಉತ್ತರಿಸಿದಳು: “ನಿಮ್ಮ ಕಂಪನಿಯ ಪ್ರಕಾರ ಇವರು ಅಕ್ಟೋಬರಿನಲ್ಲೇ ಹೋದರು.”

ರಾಬರ್ಟರು ನನಗೆ ಟೋಪಿ ತೆಗೆದು, ಹೋದವರಿಗೆ ಸಲ್ಲುವ ಗೌರವವನ್ನು ಸಲ್ಲಿಸಿ, ಇಕ್ಕುಳವನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಹೋದರು. ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ಪಾರಣೆಯು ಸಾಂಗವಾಯಿತು.

ಈಗ ನನ್ನ ದೂರು ಏನೆಂದರೆ, ಮಾನ್ಯರೇ, ಈ ಮನೆಯಲ್ಲಿ ನನ್ನ ಸ್ಥಾನವನ್ನು ತಾವು ಲಿಖಿತವಾಗಿ ತಿಳಿಸಿಲ್ಲ. ಆ ದಿನದಿಂದ ಮೈತ್ರೇಯಿಬಾಯಿ ಹೀಟರಿನ ಗುಂಡಿಯನ್ನು ಮೂರರಿಂದ ಐದಕ್ಕೆ ತಿರುಗಿಸಿಟ್ಟಿದ್ದಾಳೆ. ಇಪ್ಪತ್ತೆರಡು ಚಳಿಗಾಲಗಳಲ್ಲಿ ನಾನು ಅದನ್ನು ಮೂರರ ಮೇಲೆ ಬಿಟ್ಟವನಲ್ಲ. ಆಕೆ ಕೇಳಿದವಳೂ ಅಲ್ಲ. ಅತಿಯಾಯಿತೆಂದು ನಾನು ಮೊನ್ನೆ ಸೂಚಿಸಿದ್ದಕ್ಕೆ, “ಕರೆಂಟು ನನ್ನ ಹೆಸರಿನದು. ನಿಮಗೆ ಸೆಕೆ ಆದರೆ ಕಿಟಕಿ ತೆಗೀರಿ” ಎಂದಳು. ನಿನ್ನೆ ಗೋಡೆಯನ್ನು ಹಿಡಿಯದೆಯೇ ಎದ್ದು, ಮೂರು ಮಹಡಿ ಇಳಿದು, ಹಾಲು ತಂದಳು. ಈ ಫ್ಲ್ಯಾಟಿನಲ್ಲಿ ಇಷ್ಟು ವರ್ಷ ಯಾರು ಚಳಿಯಲ್ಲಿದ್ದರೆಂಬುದನ್ನು ಪತ್ತೆಹಚ್ಚಲು ತಮ್ಮ ಕಚೇರಿಯು ನನ್ನನ್ನು ದಾಖಲೆಯಿಂದ ಹೊರಗೆ ಹಾಕಬೇಕಾಯಿತು. ಇದಕ್ಕಾಗಿ ತಮ್ಮನ್ನು ದೂರುವುದೋ ಹರಸುವುದೋ ನಿರ್ಣಯವಾಗದೆ, ಎರಡನ್ನೂ ಈ ಪತ್ರದಲ್ಲಿ ಸೇರಿಸಿ ಕಳುಹಿಸಿದ್ದೇನೆ.

ಇಂತು, ಅಕ್ಟೋಬರಿನಲ್ಲಿ ಹೊರಟುಹೋಗಿ, ಈ ಸಾಲುಗಳನ್ನು ಅದೇ ಮನೆಯಲ್ಲಿ ಬೆವರುತ್ತ ಬರೆದ,
ತಮ್ಮ ವಿಶ್ವಾಸಿ,
ಸತ್ಯನಾರಾಯಣಾಚಾರ್ಯ

ತಾ.ಕ.: ಹೊಸ ಗ್ರಾಹಕಳಾದುದರಿಂದ ಮೈತ್ರೇಯಿಬಾಯಿಗೆ ಮೊದಲ ವರ್ಷ ನೂರಕ್ಕೆ ಹದಿನೆಂಟರಷ್ಟು ಕಡಿಮೆ ದರವೆಂದು ತಮ್ಮ ಕಾಗದದಲ್ಲಿದೆ. ಹನ್ನೊಂದು ವರ್ಷ ನಿಷ್ಠೆಯಿಂದಿದ್ದ ನನಗೆ ಈ ಭಾಗ್ಯ ಒಮ್ಮೆಯೂ ದೊರೆತಿರಲಿಲ್ಲ. ಆದ್ದರಿಂದ ಬರುವ ವರ್ಷ ಆಕೆ ಮನೆ ಬಿಟ್ಟು ಹೋಗುವಳು, ನಾನು ಹೊಸದಾಗಿ ಬರುವೆನು. ಅದರ ಮುಂದಿನ ವರ್ಷ ನಾನು ಹೋಗುವೆನು, ಆಕೆ ಬರುವಳು. ಸಾಮಾನು ಸಾಗಿಸುವ ಶ್ರಮವಿಲ್ಲದಿರುವುದರಿಂದ ನಮಗೆ ತೊಂದರೆಯಿಲ್ಲ. ಹೋಗಿ ಬರುವುದಕ್ಕೆ ಪ್ರಶಸ್ತವಾದ ತಿಥಿಗಳನ್ನು ೨೦೨೦ರವರೆಗೆ ಗಣಿಸಿ ಈ ಪತ್ರದೊಂದಿಗೆ ಲಗತ್ತಿಸಿದೆ.